ಮರಭಕ್ಷಕ ಕಠಿಣಚರ್ಮಿಗಳ ಪಚನಕ್ರಿಯೆ ಮತ್ತು ಕರುಳಿನ ಸೂಕ್ಷ್ಮಜೀವಿಗಳು: ಎರಡು ‘ಇಲ್ಲ’ಗಳ ವಿವೇಚನೆ

ಮರವನ್ನು ತಿಂದು ಬದುಕುವ ಜೀವಿಗಳೆಂದೊಡನೆ ಕನ್ನಡ ಜನಪದದ ನೆನಪಿಗೆ ಬರುವುದು ಗೆದ್ದಲು ಮತ್ತು ಕುಟ್ಟೆಹುಳು. ಮನೆಯ ತೊಲೆ, ಬಾಗಿಲ ಚೌಕಟ್ಟು, ಓಲೆಗರಿಯ ಕಟ್ಟು ಇವುಗಳನ್ನು ಹಾಳುಗೆಡಹುವ ಈ ಜೀವಿಗಳ ಬಗೆಗೆ ಗಾದೆ, ನಂಬಿಕೆ ಮತ್ತು ಕಾಪಾಡುವ ಕ್ರಮಗಳು ಹೇರಳವಾಗಿ ಉಳಿದುಬಂದಿವೆ. ಸಮುದ್ರದ ನೀರಿನಲ್ಲಿ ಮುಳುಗಿದ ಮರಕ್ಕೂ ಇಂಥ ಶತ್ರುಗಳಿವೆ. ಅವುಗಳಲ್ಲಿ ಏಡಿ, ಸಿಗಡಿಗಳ ಬಳಗಕ್ಕೆ ಸೇರಿದ, ಅಕ್ಕಿಕಾಳಿಗಿಂತಲೂ ಚಿಕ್ಕದಾದ ಕೆಲವು ಕಠಿಣಚರ್ಮಿಗಳು ಒಂದು ಮುಖ್ಯ ಗುಂಪು. ಇವು ಮರವನ್ನು ಕೊರೆಯುವುದಷ್ಟೇ ಅಲ್ಲದೆ ತಿಂದು ಅರಗಿಸಿಕೊಳ್ಳುತ್ತವೆ. ಮರವನ್ನು ಅರಗಿಸಿಕೊಳ್ಳುವ ಪ್ರಾಣಿಯ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಇರಲೇಬೇಕೆಂಬುದು ಜೀವವಿಜ್ಞಾನದಲ್ಲಿ ಬಹುಕಾಲ ಪ್ರಚಲಿತವಾಗಿದ್ದ ಗ್ರಹಿಕೆ. ಈ ಗ್ರಹಿಕೆ ಎಲ್ಲಿಂದ ಬಂದಿತು, ಒಂದು ಪುಟ್ಟ ಕಡಲಜೀವಿಯ ಅಧ್ಯಯನದಿಂದ ಅದು ಹೇಗೆ ಸಡಿಲಗೊಂಡಿತು, ಆ ಸಡಿಲಿಕೆಗೆ ಇರುವ ಮಿತಿಗಳೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಮರವೆಂಬ ಆಹಾರ

ಒಣಮರದ ಬಹುಭಾಗ ಮೂರು ಘಟಕಗಳಿಂದ ಆದುದು. ಮೊದಲನೆಯದು ಸೆಲ್ಯುಲೋಸ್. ಸಾವಿರಾರು ಗ್ಲೂಕೋಸ್ ಕಣಗಳು ಒಂದಕ್ಕೊಂದು ಹೆಣೆದುಕೊಂಡು ಉದ್ದನೆಯ ಎಳೆಗಳಾಗಿ, ಆ ಎಳೆಗಳು ಒತ್ತೊತ್ತಾಗಿ ಜೋಡಿಸಿಕೊಂಡು ಹರಳಿನಂತೆ ಬಿಗಿಯಾದ ನಾರುಗಳಾಗಿರುತ್ತವೆ. ಎರಡನೆಯದು ಹೆಮಿಸೆಲ್ಯುಲೋಸ್. ಇದೂ ಸಕ್ಕರೆಯ ಕಣಗಳಿಂದಲೇ ಆದುದು. ಆದರೆ ಇದರ ರಚನೆ ಕವಲೊಡೆದು ಸಡಿಲವಾಗಿರುತ್ತದೆ. ಮೂರನೆಯದು ಲಿಗ್ನಿನ್. ಇದು ಸಕ್ಕರೆಯಲ್ಲ, ಮೇಲಿನ ಎರಡನ್ನೂ ಗಾರೆಯಂತೆ ಬಂಧಿಸಿ ಮುಚ್ಚಿಡುವ ಗಟ್ಟಿ ವಸ್ತು. ಮರದಲ್ಲಿ ಸಕ್ಕರೆ ಹೇರಳವಾಗಿದೆಯಾದರೂ ಅದು ನಾರಿನ ಬಿಗಿಯಲ್ಲಿ ಸಿಲುಕಿದೆ, ಆ ನಾರು ಗಾರೆಯೊಳಗೆ ಹೂತಿದೆ. ಇದರ ಜೊತೆಗೆ ಮರದಲ್ಲಿ ಸಾರಜನಕದ ಪ್ರಮಾಣ ತೀರ ಕಡಿಮೆ. ಆದ್ದರಿಂದ ಮರವನ್ನೇ ಆಹಾರವಾಗಿಸಿಕೊಂಡ ಪ್ರಾಣಿಯು ಗಾರೆಯನ್ನು ಸಡಿಲಿಸುವುದು, ನಾರನ್ನು ಕತ್ತರಿಸುವುದು, ಮೈಕಟ್ಟಲು ಬೇಕಾದ ಸಾರಜನಕವನ್ನು ಹೊಂದಿಸಿಕೊಳ್ಳುವುದು ಎಂಬ ಮೂರು ತೊಡಕುಗಳನ್ನು ಬಿಡಿಸಿಕೊಳ್ಳಬೇಕಾಗುತ್ತದೆ.

ಮನುಷ್ಯನೂ ಸೇರಿದಂತೆ ಬಹುಪಾಲು ಪ್ರಾಣಿಗಳ ಜೀರ್ಣರಸಗಳಿಗೆ ಸೆಲ್ಯುಲೋಸನ್ನು ಒಡೆಯುವ ಶಕ್ತಿಯಿಲ್ಲ. ಹುಲ್ಲು ತಿನ್ನುವ ದನವೂ ತನ್ನ ಸ್ವಂತ ಬಲದಿಂದ ಹುಲ್ಲನ್ನು ಅರಗಿಸಿಕೊಳ್ಳುವುದಿಲ್ಲ. ಅದರ ಮೆಲುಕುಚೀಲದಲ್ಲಿ ನೆಲೆಸಿರುವ ಅಸಂಖ್ಯ ಸೂಕ್ಷ್ಮಜೀವಿಗಳು ಆ ಕೆಲಸವನ್ನು ಮಾಡಿಕೊಡುತ್ತವೆ. ಮರ ತಿನ್ನುವ ಪ್ರಾಣಿಗಳ ಬಗೆಗೂ ಇದೇ ತರ್ಕವನ್ನು ಅನ್ವಯಿಸಿದುದು ಸಹಜವಾಗಿತ್ತು.

ಗೆದ್ದಲಿನ ಮಾದರಿ

ಈ ತರ್ಕಕ್ಕೆ ದೃಢವಾದ ಆಧಾರವನ್ನು ಒದಗಿಸಿದುದು ಗೆದ್ದಲು. 1920ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಎಲ್.ಆರ್. ಕ್ಲೀವ್‌ಲ್ಯಾಂಡ್ ಅವರು ಗೆದ್ದಲಿನ ಕರುಳಿನಲ್ಲಿ ವಾಸಿಸುವ ಏಕಕೋಶಜೀವಿಗಳನ್ನು ಕುರಿತು ನಡೆಸಿದ ಪ್ರಯೋಗಗಳು ಪ್ರಸಿದ್ಧವಾಗಿವೆ. ಗೆದ್ದಲಿಗೆ ಹಾನಿಯಾಗದಂತೆ ಆ ಏಕಕೋಶಜೀವಿಗಳನ್ನು ಮಾತ್ರ ನಾಶಪಡಿಸಿದಾಗ, ಗೆದ್ದಲು ಮರವನ್ನು ತಿನ್ನುತ್ತಲೇ ಹೋದರೂ ಕೆಲವು ದಿನಗಳಲ್ಲಿ ಹಸಿವಿನಿಂದ ಸತ್ತಿತು. ಏಕಕೋಶಜೀವಿಗಳನ್ನು ಮರಳಿ ಸೇರಿಸಿದಾಗ ಅದು ಬದುಕಿತು. ಹೊಟ್ಟೆ ತುಂಬಿದ್ದರೂ ಹಸಿವು ಇಂಗದ ಈ ಸ್ಥಿತಿಯು ಸಹಜೀವನದ ಅತ್ಯುತ್ತಮ ನಿದರ್ಶನವಾಗಿ ಪಠ್ಯಗಳಲ್ಲಿ ಸ್ಥಾನ ಪಡೆಯಿತು.

ಕಡಲಿನಲ್ಲಿಯೂ ಇದಕ್ಕೆ ಹೊಂದುವ ಉದಾಹರಣೆ ದೊರೆಯಿತು. ಹಡಗುಹುಳು ಎಂದು ಕರೆಯಲಾಗುವ, ವಾಸ್ತವದಲ್ಲಿ ಹುಳುವಲ್ಲದ, ಚಿಪ್ಪುಜೀವಿಗಳ ಬಳಗದ ಟೆರೆಡೊ ಮತ್ತದರ ಸಂಬಂಧಿಗಳು ಮರದೊಳಗೆ ಉದ್ದನೆಯ ಸುರಂಗ ತೋಡುತ್ತವೆ. 1983ರಲ್ಲಿ ವಾಟರ್‌ಬರಿ, ಕ್ಯಾಲೊವೆ ಮತ್ತು ಟರ್ನರ್ ಎಂಬ ಸಂಶೋಧಕರು ಹಡಗುಹುಳುವಿನ ಕಿವಿರಿನ ಭಾಗದಿಂದ ಒಂದು ಬ್ಯಾಕ್ಟೀರಿಯವನ್ನು ಬೇರ್ಪಡಿಸಿ ಬೆಳೆಸಿದರು. ಅದು ಸೆಲ್ಯುಲೋಸನ್ನು ಒಡೆಯಬಲ್ಲುದು, ಗಾಳಿಯ ಸಾರಜನಕವನ್ನು ಹಿಡಿದಿಡಬಲ್ಲುದು ಎಂಬುದು ಸಾಬೀತಾಯಿತು. ಮರದ ಆಹಾರದಲ್ಲಿರುವ ಎರಡು ತೊಡಕುಗಳಿಗೆ ಒಂದೇ ಅತಿಥಿಯಿಂದ ಪರಿಹಾರ ದೊರೆತಂತಾಯಿತು. ನೆಲದ ಮೇಲಿನ ಗೆದ್ದಲಿಗೂ ನೀರಿನೊಳಗಿನ ಹಡಗುಹುಳುವಿಗೂ ಇದು ಸತ್ಯವಾದರೆ, ಅದೇ ಮರವನ್ನು ತಿನ್ನುವ ಕಠಿಣಚರ್ಮಿಗೂ ಸತ್ಯವಾಗಬೇಕಲ್ಲವೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

ಗ್ರಿಬಲ್: ಪ್ರಾಣಿಯ ಪರಿಚಯ

ಇಂಗ್ಲಿಷ್ ಆಡುಮಾತಿನಲ್ಲಿ ಗ್ರಿಬಲ್ ಎಂದು ಹೆಸರಾದ ಈ ಜೀವಿಯ ಶಾಸ್ತ್ರೀಯ ಕುಲನಾಮ ಲಿಮ್ನೋರಿಯ. ತೋಟದ ಕಲ್ಲಿನಡಿ, ಕೊಳೆತ ಎಲೆಯ ಕೆಳಗೆ ಕಾಣುವ ಮರಹೇನುಗಳು ಇದರ ನೆಲವಾಸಿ ಬಂಧುಗಳು. ಗ್ರಿಬಲ್ಲಿನ ಉದ್ದ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರ್. ಏಳು ಜೊತೆ ಕಾಲುಗಳಿವೆ. ದವಡೆಗಳಲ್ಲಿ ಒಂದು ಅರದಂತೆಯೂ ಇನ್ನೊಂದು ಅದಕ್ಕೆ ಹೊಂದುವ ಉಜ್ಜುಗೊರಡಿನಂತೆಯೂ ಇದ್ದು, ಮರವನ್ನು ಸಣ್ಣ ಸಣ್ಣ ಚೂರುಗಳಾಗಿ ಕೆರೆದು ತೆಗೆಯುತ್ತವೆ. ಈ ಕುಲದಲ್ಲಿ ಐವತ್ತಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದ್ದು, ಅವುಗಳಲ್ಲಿ ಕೆಲವು ಮರವನ್ನೂ ಕೆಲವು ಕಡಲಪಾಚಿಯ ಬುಡವನ್ನೂ ಮತ್ತೆ ಕೆಲವು ಕಡಲಹುಲ್ಲನ್ನೂ ಕೊರೆಯುತ್ತವೆ.

ಹಡಗುಹುಳು ಮರದ ಒಳಭಾಗವನ್ನು ಟೊಳ್ಳು ಮಾಡುತ್ತದೆ. ಗ್ರಿಬಲ್ ಮೇಲ್ಮೈಗೆ ಹತ್ತಿರದಲ್ಲಿಯೇ ಸುರಂಗ ತೋಡುತ್ತದೆ. ಸುರಂಗದ ಮೇಲ್ಛಾವಣಿಯಲ್ಲಿ ಸಾಲಾಗಿ ಸೂಜಿಮೊನೆಯಷ್ಟು ಗಾತ್ರದ ಉಸಿರುಕಂಡಿಗಳಿರುತ್ತವೆ. ಸಾಮಾನ್ಯವಾಗಿ ಒಂದು ಸುರಂಗದಲ್ಲಿ ಹೆಣ್ಣು ಮತ್ತು ಗಂಡು ಜೊತೆಯಾಗಿರುತ್ತವೆ; ಹೆಣ್ಣು ಕೊನೆಯ ತುದಿಯಲ್ಲಿ, ಗಂಡು ಅದರ ಹಿಂದೆ. ಹೆಣ್ಣು ತನ್ನ ಹೊಟ್ಟೆಯ ಕೆಳಗಿನ ಚೀಲದಲ್ಲಿ ಮೊಟ್ಟೆಗಳನ್ನು ಕಾಪಾಡುತ್ತದೆ. ಮರಿಗಳು ತಾಯಿಯ ಸುರಂಗದ ಬದಿಯಿಂದಲೇ ತಮ್ಮ ಸುರಂಗವನ್ನು ತೊಡಗುತ್ತವೆ. ಹೀಗಾಗಿ ದಾಳಿ ಒಂದೇ ಕಡೆ ದಟ್ಟವಾಗುತ್ತದೆ. ಕೊರೆದ ಮೇಲ್ಪದರವನ್ನು ಅಲೆಗಳು ಕೊಚ್ಚಿಕೊಂಡು ಹೋದಂತೆ ಹೊಸ ಪದರ ಬಯಲಾಗುತ್ತದೆ, ಅದೂ ಕೊರೆಯಲ್ಪಡುತ್ತದೆ. ಬಂದರಿನ ಮರದ ಕಂಬಗಳು ಉಬ್ಬರ-ಇಳಿತದ ಮಟ್ಟದಲ್ಲಿ ಸವೆದು ಮರಳುಗಡಿಯಾರದ ಆಕಾರಕ್ಕೆ ತಿರುಗುವುದು ಈ ಜೀವಿಯ ಗುರುತಾಗಿದೆ.

ಈ ಜೀವಿಯನ್ನು 1799ರಲ್ಲಿ ರಾಟ್ಕೆ ಎಂಬ ವಿದ್ವಾಂಸರು ಮೊದಲಿಗೆ ಶಾಸ್ತ್ರೀಯವಾಗಿ ವರ್ಣಿಸಿದರು. ಬ್ರಿಟನ್ನಿನಲ್ಲಿ ಇದರ ಕಡೆಗೆ ಗಮನ ಸೆಳೆದವರು ಎಂಜಿನಿಯರ್ ರಾಬರ್ಟ್ ಸ್ಟೀವನ್‌ಸನ್. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಾಚೆ, ಉಬ್ಬರದಲ್ಲಿ ಮುಳುಗುವ ಬೆಲ್ ರಾಕ್ ಬಂಡೆಯ ಮೇಲೆ 1807ರಿಂದ 1810ರವರೆಗೆ ದೀಪಸ್ತಂಭ ಕಟ್ಟುವ ಕೆಲಸ ನಡೆದಾಗ, ಕೆಲಸಗಾರರ ತಂಗುದಾಣವನ್ನು ಹೊತ್ತು ನಿಂತ ಮರದ ತೊಲೆಗಳು ಸವೆಯತೊಡಗಿದುದನ್ನು ಅವರು ಕಂಡರು. ಅವರು ಕಳುಹಿಸಿದ ಮಾದರಿಗಳನ್ನು ಪ್ರಾಣಿಶಾಸ್ತ್ರಜ್ಞ ವಿಲಿಯಂ ಲೀಚ್ ಪರಿಶೀಲಿಸಿದರು. ಲಿಮ್ನೋರಿಯ ಎಂಬ ಕುಲನಾಮ 1814ರಲ್ಲಿ ಲೀಚ್ ಅವರಿಂದಲೇ ಬಂದಿತು. ಗ್ರಿಬಲ್ಲಿನ ಅಧ್ಯಯನವು ಮೊದಲಿನಿಂದಲೂ ಬಂದರು, ಕಂಬ, ಖರ್ಚು ಎಂಬ ವ್ಯಾವಹಾರಿಕ ಚಿಂತೆಯೊಂದಿಗೆ ಬೆಸೆದುಕೊಂಡಿದೆ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಮೊದಲ ‘ಇಲ್ಲ’: ಕಿಣ್ವವಿಲ್ಲ

ಗ್ರಿಬಲ್ ತಿಂದ ಮರ ಅದರ ಹೊಟ್ಟೆಯಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಯ ಇತಿಹಾಸದಲ್ಲಿ ಎರಡು ನಕಾರಾತ್ಮಕ ತೀರ್ಮಾನಗಳು ಮೈಲಿಗಲ್ಲುಗಳಾಗಿ ನಿಂತಿವೆ. ಮೊದಲನೆಯದು 1927ರಲ್ಲಿ ಬ್ರಿಟಿಷ್ ಕಡಲಜೀವ ವಿಜ್ಞಾನಿ ಸಿ.ಎಂ. ಯಂಗ್ ಅವರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಕಿರುಲೇಖನ. ಲಿಮ್ನೋರಿಯದಲ್ಲಿ ಸೆಲ್ಯುಲೋಸನ್ನು ಒಡೆಯುವ ಕಿಣ್ವದ ಅಭಾವವನ್ನು ಅದು ಶೀರ್ಷಿಕೆಯಲ್ಲಿಯೇ ಸಾರಿತ್ತು. ಕಿಣ್ವವಿಲ್ಲವೆಂದಾದರೆ ಆ ಪ್ರಾಣಿ ಮರದಲ್ಲಿರುವ ಬೇರೆ ಸತ್ತ್ವದಿಂದ ಬದುಕಬೇಕು, ಇಲ್ಲವೇ ಇನ್ನೊಂದು ಜೀವಿಯ ನೆರವು ಪಡೆಯಬೇಕು.

ಇಪ್ಪತ್ತೈದು ವರ್ಷಗಳ ಅನಂತರ, 1952ರಲ್ಲಿ, ಅದೇ ಪತ್ರಿಕೆಯಲ್ಲಿ ಅಮೆರಿಕದ ಡಿಕ್ಸಿ ಲೀ ರೇ ಮತ್ತು ಜೂಲಿಯನ್ ಅವರು ಲಿಮ್ನೋರಿಯದಲ್ಲಿ ಆ ಕಿಣ್ವವಿದೆ ಎಂದು ವರದಿ ಮಾಡಿದರು. ಮೊದಲ ‘ಇಲ್ಲ’ ಹೀಗೆ ಬಿದ್ದುಹೋಯಿತು. ಇದರಿಂದ ಯಂಗ್ ಅವರ ವಿದ್ವತ್ತಿಗೆ ಕುಂದು ಬರುವುದಿಲ್ಲ. ಮೂರು ಮಿಲಿಮೀಟರ್ ಉದ್ದದ ಪ್ರಾಣಿಯಿಂದ ತೆಗೆದ ರಸದ ಪ್ರಮಾಣ ಎಷ್ಟು, ಅದನ್ನು ಯಾವ ರೂಪದ ಸೆಲ್ಯುಲೋಸಿನ ಮೇಲೆ ಪರೀಕ್ಷಿಸಲಾಯಿತು, ಎಷ್ಟು ಹೊತ್ತು ಕಾಯಲಾಯಿತು ಎಂಬುದರ ಮೇಲೆ ಇಂಥ ಪ್ರಯೋಗಗಳ ಫಲ ನಿಂತಿರುತ್ತದೆ. ಜಾನಪದ ಕ್ಷೇತ್ರಕಾರ್ಯದಲ್ಲಿಯೂ ಇದಕ್ಕೆ ಸಮಾನವಾದ ಅನುಭವ ಸಾಮಾನ್ಯ. ಒಂದು ಊರಿನಲ್ಲಿ ಬೀಸುವ ಪದಗಳು ದೊರೆಯಲಿಲ್ಲವೆಂಬ ಟಿಪ್ಪಣಿಗೆ, ಯಾರನ್ನು ಕೇಳಲಾಯಿತು, ಯಾವ ಋತುವಿನಲ್ಲಿ ಕೇಳಲಾಯಿತು, ಯಾರ ಎದುರಿನಲ್ಲಿ ಕೇಳಲಾಯಿತು ಎಂಬ ವಿವರವಿಲ್ಲದೆ ಬೆಲೆಯಿಲ್ಲ. ದೊರೆಯಲಿಲ್ಲ ಎಂಬುದಕ್ಕೂ ಇಲ್ಲ ಎಂಬುದಕ್ಕೂ ಇರುವ ಅಂತರವನ್ನು ಎರಡೂ ಶಿಸ್ತುಗಳು ಕಷ್ಟಪಟ್ಟೇ ಕಲಿತಿವೆ.

ಎರಡನೆಯ ‘ಇಲ್ಲ’: ಸೂಕ್ಷ್ಮಜೀವಿಯಿಲ್ಲ

ಕಿಣ್ವವಿದೆ ಎಂದಾದ ಮೇಲೂ ಅದು ಯಾರದು ಎಂಬ ಪ್ರಶ್ನೆ ಉಳಿದಿತ್ತು. ಕರುಳಿನಲ್ಲಿ ನೆಲೆಸಿದ ಬ್ಯಾಕ್ಟೀರಿಯವೇ ಅದನ್ನು ಸ್ರವಿಸುತ್ತಿರಬಹುದು. 1978ರಲ್ಲಿ ಬಾಯಲ್ ಮತ್ತು ಮಿಚೆಲ್ ಎಂಬ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಇದಕ್ಕೆ ಉತ್ತರವಿತ್ತರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಲಿಮ್ನೋರಿಯದ ಜೀರ್ಣನಾಳವನ್ನು ಪರಿಶೀಲಿಸಿದಾಗ ಅಲ್ಲಿ ಸೂಕ್ಷ್ಮಜೀವಿಗಳು ಕಾಣಲಿಲ್ಲ. ಸುತ್ತಲಿನ ಕಡಲನೀರು ಬ್ಯಾಕ್ಟೀರಿಯಗಳಿಂದ ತುಂಬಿದೆ, ತಿನ್ನುವ ಮರದ ಮೇಲ್ಮೈ ತುಂಬ ಅವೇ ಇವೆ. ಆದರೂ ಕರುಳಿನ ಒಳಗೋಡೆ ಬರಿದಾಗಿತ್ತು. ಯಾವುದೇ ಪ್ರಾಣಿಯ ಕರುಳಿನಲ್ಲಿ ಇಂಥ ಸ್ಥಿತಿ ಅಪರೂಪ. ಮರಭಕ್ಷಕ ಪ್ರಾಣಿಯಲ್ಲಂತೂ ಅನಿರೀಕ್ಷಿತ.

ಮರುವರ್ಷವೇ, 1979ರಲ್ಲಿ, ಜ್ಯಾಕರಿ ಮತ್ತು ಕಾಲ್ವೆಲ್ ಅವರು ‘ನೇಚರ್’ ಪತ್ರಿಕೆಯಲ್ಲಿ ಇದಕ್ಕೆ ವಿರುದ್ಧವಾಗಿ ತೋರುವ ವರದಿಯನ್ನು ನೀಡಿದರು. ಕಲ್ಲಿದ್ದಲ ಟಾರಿನಿಂದ ಬಟ್ಟಿಯಿಳಿಸಿದ ಕ್ರಿಯೋಸೋಟ್ ಎಂಬ ಸಂರಕ್ಷಕ ಎಣ್ಣೆಯನ್ನು ಊಡಿದ ಬಂದರಿನ ಕಂಬಗಳಲ್ಲಿ ವಾಸಿಸುತ್ತಿದ್ದ ಲಿಮ್ನೋರಿಯ ಟ್ರೈಪಂಕ್ಟೇಟ ಪ್ರಭೇದದ ಕರುಳಿನಲ್ಲಿ ಬ್ಯಾಕ್ಟೀರಿಯಗಳು ಕಂಡುಬಂದಿದ್ದವು. ಈ ಪ್ರಭೇದವು ಕ್ರಿಯೋಸೋಟನ್ನು ತಾಳಿಕೊಳ್ಳುವುದಕ್ಕೆ ಹೆಸರಾದುದು. ಹಾಗಾಗಿ ಈ ಬ್ಯಾಕ್ಟೀರಿಯಗಳು ವಿಷವನ್ನು ತಾಳಿಕೊಳ್ಳಲು ನೆರವಾಗುತ್ತಿರಬಹುದೆಂಬ ಊಹೆಗೆ ದಾರಿಯಾಯಿತು. ಎರಡು ವರದಿಗಳನ್ನು ಒಟ್ಟಿಗಿಟ್ಟು ನೋಡಿದರೆ ಅವು ಪರಸ್ಪರ ಅಳಿಸಿಹಾಕುವುದಿಲ್ಲ. ವಿಷವಿಲ್ಲದ ಮರವನ್ನು ತಿನ್ನುವ ಗ್ರಿಬಲ್ಲಿನ ಕರುಳು ಬರಿದಾಗಿರುತ್ತದೆ. ವಿಶೇಷ ಸನ್ನಿವೇಶದಲ್ಲಿ ಬ್ಯಾಕ್ಟೀರಿಯ ಕಾಣಿಸಿಕೊಳ್ಳಬಹುದು. ಮರದ ಪಚನಕ್ಕೆ ಅದು ಅನಿವಾರ್ಯವಲ್ಲ. ಎರಡನೆಯ ‘ಇಲ್ಲ’ ಹೀಗೆ ಒಂದು ಷರತ್ತಿನೊಂದಿಗೆ ಉಳಿದುಕೊಂಡಿತು.

ಕಿಣ್ವದ ಒಡೆತನ

ಬ್ಯಾಕ್ಟೀರಿಯ ಕಾಣಲಿಲ್ಲ ಎಂಬುದರಿಂದ ಕಿಣ್ವ ಪ್ರಾಣಿಯದೇ ಎಂದು ನೇರವಾಗಿ ಸಿದ್ಧವಾಗುವುದಿಲ್ಲ. ಅದಕ್ಕೆ ಭಾವಾತ್ಮಕವಾದ ಪುರಾವೆ ಬೇಕು. ಆ ಪುರಾವೆ 2010ರಲ್ಲಿ ದೊರೆಯಿತು. ಬ್ರಿಟನ್ನಿನ ಯಾರ್ಕ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯಗಳ ಸಂಶೋಧಕರ ತಂಡ ಲಿಮ್ನೋರಿಯ ಕ್ವಾಡ್ರಿಪಂಕ್ಟೇಟ ಎಂಬ ಪ್ರಭೇದವನ್ನು ಆರಿಸಿಕೊಂಡಿತು.

ಇಲ್ಲಿ ಗ್ರಿಬಲ್ಲಿನ ಜೀರ್ಣಾಂಗಗಳ ರಚನೆಯನ್ನು ತಿಳಿಯುವುದು ಅಗತ್ಯ. ದವಡೆಗಳು ಅರೆದ ಮರದ ಚೂರು ಚಿಕ್ಕದಾದ ಜಠರವನ್ನು ದಾಟಿ ನೇರವಾಗಿ ಉದ್ದನೆಯ ಹಿಂಗರುಳನ್ನು ಸೇರುತ್ತದೆ. ಜಠರಕ್ಕೆ ಹೊಂದಿಕೊಂಡು ಕೊಳವೆಯಾಕಾರದ ಜೀರ್ಣಗ್ರಂಥಿಗಳಿವೆ. ಯಕೃತ್ತು ಮತ್ತು ಮೇದೋಜೀರಕ ಗ್ರಂಥಿಗಳ ಕೆಲಸವನ್ನು ಒಟ್ಟಿಗೆ ಮಾಡುವ ಅಂಗಗಳಿವು. ಈ ಗ್ರಂಥಿಗಳೊಳಗೆ ಮರದ ಚೂರು ಪ್ರವೇಶಿಸುವುದಿಲ್ಲ. ಅಡುಗೆ ಒಂದು ಕೋಣೆಯಲ್ಲಿ, ಊಟ ಇನ್ನೊಂದು ಕೋಣೆಯಲ್ಲಿ ಎಂಬಂತೆ, ರಸ ತಯಾರಾಗುವ ಸ್ಥಳವೂ ಮರ ಕೂಡುವ ಸ್ಥಳವೂ ಬೇರೆಬೇರೆ.

ತಂಡವು ಈ ಗ್ರಂಥಿಗಳಲ್ಲಿ ಯಾವ ಜೀನುಗಳು ಚಟುವಟಿಕೆಯಿಂದಿವೆ ಎಂಬುದನ್ನು ಓದಿತು. ದೊರೆತ ಸಂದೇಶಗಳಲ್ಲಿ ಸುಮಾರು ಕಾಲುಭಾಗದಷ್ಟು, ಸಕ್ಕರೆಯ ಸರಪಣಿಗಳನ್ನು ಒಡೆಯುವ ಕಿಣ್ವಗಳಿಗೆ ಸಂಬಂಧಿಸಿದ್ದವು. ಕಿಣ್ವಶಾಸ್ತ್ರದಲ್ಲಿ 5, 7 ಮತ್ತು 9 ಎಂಬ ಸಂಖ್ಯೆಗಳಿಂದ ಗುರುತಿಸಲಾಗುವ ಕುಟುಂಬಗಳಿಗೆ ಸೇರಿದ ಕಿಣ್ವಗಳು ಅವುಗಳಲ್ಲಿ ಪ್ರಧಾನವಾಗಿದ್ದವು. 9ನೆಯ ಕುಟುಂಬದ ಕಿಣ್ವಗಳು ಸೆಲ್ಯುಲೋಸಿನ ಎಳೆಯನ್ನು ನಡುನಡುವೆ ಕತ್ತರಿಸುತ್ತವೆ. 7ನೆಯ ಕುಟುಂಬದವು ಎಳೆಯ ತುದಿಯನ್ನು ಹಿಡಿದು, ನೂಲಿನ ಮೇಲೆ ಜಾರುವ ಮಣಿಯಂತೆ ಸಾಗುತ್ತ, ಎರಡೆರಡು ಗ್ಲೂಕೋಸ್ ಕಣಗಳ ತುಣುಕುಗಳನ್ನು ಬಿಡಿಸುತ್ತ ಹೋಗುತ್ತವೆ. ಹರಳಿನಂಥ ಬಿಗಿಯ ನಾರನ್ನು ಕರಗಿಸಲು ಈ ಎರಡನೆಯ ಬಗೆ ಬಹಳ ಮುಖ್ಯ.

7ನೆಯ ಕುಟುಂಬದ ಕಿಣ್ವವು ಅದುವರೆಗೆ ಮುಖ್ಯವಾಗಿ ಶಿಲೀಂಧ್ರಗಳಲ್ಲಿ ಹಾಗೂ ಗೆದ್ದಲಿನ ಕರುಳಿನ ಏಕಕೋಶಜೀವಿಗಳಂಥವುಗಳಲ್ಲಿ ತಿಳಿದುಬಂದಿತ್ತು. ಪ್ರಾಣಿಯೊಂದು ಅದನ್ನು ಸ್ವತಃ ತಯಾರಿಸುತ್ತದೆ ಎಂಬುದು ಹೊಸ ಸಂಗತಿ. ಆ ಕಿಣ್ವವು ಜೀರ್ಣಗ್ರಂಥಿಯಲ್ಲಿ ಹುಟ್ಟಿ ಕರುಳಿಗೆ ಸಾಗುವುದನ್ನೂ ತಂಡ ತೋರಿಸಿತು. ಗೆದ್ದಲು ಯಾವ ಕೆಲಸಕ್ಕೆ ಅತಿಥಿಗಳನ್ನು ಸಾಕಿಕೊಂಡಿದೆಯೋ ಆ ಕೆಲಸದ ಉಪಕರಣವನ್ನು ಗ್ರಿಬಲ್ ತನ್ನ ಗ್ರಂಥಿಯಲ್ಲಿಯೇ ಇಟ್ಟುಕೊಂಡಿದೆ. ಈ ಜೀನು ನೀರುಚಿಗಟಗಳಂಥ ಮರ ತಿನ್ನದ ಕಠಿಣಚರ್ಮಿಗಳಲ್ಲಿಯೂ ಇದೆ. ಆದುದರಿಂದ ಇದು ಗ್ರಿಬಲ್ ಇತ್ತೀಚೆಗೆ ಎರವಲು ಪಡೆದುದಲ್ಲ, ಬಳಗದ ಹಳೆಯ ಆಸ್ತಿ ಎಂದು ಭಾವಿಸಲು ಅವಕಾಶವಿದೆ.

2013ರಲ್ಲಿ ಬ್ರಿಟಿಷ್ ಹಾಗೂ ಅಮೆರಿಕನ್ ಸಂಶೋಧಕರು ಈ ಕಿಣ್ವದ ಅಣುರಚನೆಯನ್ನು ಬಿಡಿಸಿ ಪ್ರಕಟಿಸಿದರು. ಪ್ರಾಣಿಮೂಲದ 7ನೆಯ ಕುಟುಂಬದ ಕಿಣ್ವವೊಂದರ ರಚನೆ ತಿಳಿದುಬಂದುದು ಅದೇ ಮೊದಲು. ಅದರ ಹೊರಮೈ ತುಂಬ ಋಣ ವಿದ್ಯುದಂಶ ದಟ್ಟವಾಗಿದ್ದು, ಕಡಲನೀರಿಗಿಂತಲೂ ಹೆಚ್ಚು ಉಪ್ಪಿರುವ ದ್ರಾವಣದಲ್ಲಿ ಸಹ ಅದು ಕೆಡದೆ ಕೆಲಸ ಮಾಡುತ್ತದೆ.

ಗಾರೆಯ ಸಮಸ್ಯೆ ಮತ್ತು ರಕ್ತದ ವರ್ಣವಸ್ತು

ನಾರನ್ನು ಕತ್ತರಿಸುವ ಉಪಕರಣವಿದ್ದರೂ ಅದನ್ನು ಮುಚ್ಚಿರುವ ಲಿಗ್ನಿನ್ನಿನ ಗಾರೆ ಸಡಿಲವಾಗದೆ ಉಪಯೋಗವಿಲ್ಲ. 2010ರ ಅಧ್ಯಯನದಲ್ಲಿಯೇ ಇನ್ನೊಂದು ಸುಳಿವು ಕಂಡಿತ್ತು. ಜೀರ್ಣಗ್ರಂಥಿಯ ಸಂದೇಶಗಳಲ್ಲಿ ಹೀಮೋಸಯನಿನ್ ಎಂಬ ಪ್ರೋಟೀನಿಗೆ ಸಂಬಂಧಿಸಿದವು ಹೇರಳವಾಗಿದ್ದವು. ಏಡಿ, ಸಿಗಡಿಗಳ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ, ತಾಮ್ರವನ್ನು ಒಳಗೊಂಡ ವರ್ಣವಸ್ತು ಇದು. ಮನುಷ್ಯನ ರಕ್ತದಲ್ಲಿ ಕಬ್ಬಿಣಯುಕ್ತ ಹೀಮೋಗ್ಲೋಬಿನ್ ಮಾಡುವ ಕೆಲಸವನ್ನು ಅವುಗಳಲ್ಲಿ ಇದು ಮಾಡುತ್ತದೆ. ರಕ್ತದ ವಸ್ತುವಿಗೆ ಜೀರ್ಣಾಂಗದಲ್ಲಿ ಏನು ಕೆಲಸ?

2018ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಯಾರ್ಕ್ ತಂಡದ ಅಧ್ಯಯನ ಇದಕ್ಕೆ ಉತ್ತರ ನೀಡಿತು. ಹೀಮೋಸಯನಿನ್ ಗ್ರಿಬಲ್ಲಿನ ಹಿಂಗರುಳಿನಲ್ಲಿ ಮರದ ಚೂರುಗಳೊಂದಿಗೆ ಸೇರುತ್ತದೆ. ಅಲ್ಲಿ ಅದು ಉತ್ಕರ್ಷಣ ಕ್ರಿಯೆಯಿಂದ ಲಿಗ್ನಿನ್ನನ್ನು ಮಾರ್ಪಡಿಸಿ ಗಾರೆಯ ಬಿಗಿಯನ್ನು ಸಡಿಲಿಸುತ್ತದೆ. ಪ್ರಯೋಗಾಲಯದಲ್ಲಿ ಮರವನ್ನು ಮೊದಲು ಹೀಮೋಸಯನಿನ್ನಿನಿಂದ ಉಪಚರಿಸಿ ಆಮೇಲೆ ಸೆಲ್ಯುಲೋಸ್ ಒಡೆಯುವ ಕಿಣ್ವಗಳಿಗೆ ಒಡ್ಡಿದಾಗ, ಬಿಡುಗಡೆಯಾದ ಸಕ್ಕರೆಯ ಪ್ರಮಾಣ ಎರಡು ಪಟ್ಟಿಗಿಂತ ಹೆಚ್ಚಾಯಿತು. ಉಸಿರಾಟಕ್ಕೆಂದು ಇದ್ದ ವಸ್ತು ಊಟಕ್ಕೂ ಒದಗಿದ ಈ ಪರಿಯು ಪ್ರಕೃತಿಯ ಮಿತವ್ಯಯಕ್ಕೆ ಉತ್ತಮ ಉದಾಹರಣೆ.

ಕರುಳು ಬರಿದಾಗಿರುವುದೇಕೆ ಎಂಬ ಪ್ರಶ್ನೆಗೂ ಇಲ್ಲಿ ಒಂದು ಸಂಭಾವ್ಯ ವಿವರಣೆಯಿದೆ. ಲಿಗ್ನಿನ್ನನ್ನು ಕದಡುವಷ್ಟು ಉಗ್ರವಾದ ಉತ್ಕರ್ಷಣದ ಪರಿಸರದಲ್ಲಿ ಸಾಮಾನ್ಯ ಬ್ಯಾಕ್ಟೀರಿಯಗಳು ನೆಲೆಸುವುದು ಕಷ್ಟ. ಇದು ಇನ್ನೂ ಊಹೆಯ ಮಟ್ಟದಲ್ಲಿದೆ. ಆದರೆ ಬರಿದು ಕರುಳು ಗ್ರಿಬಲ್ಲಿಗೆ ಕೊರತೆಯಾಗಿರದೆ ಅದರ ಪಚನವಿಧಾನದ ಪರಿಣಾಮವೇ ಆಗಿರಬಹುದೆಂಬ ದೃಷ್ಟಿಯನ್ನು ಅದು ತೆರೆದಿಡುತ್ತದೆ.

ಹೊರಗಿನ ನೆರವು ಮತ್ತು ನೆರೆಹೊರೆ

ಗ್ರಿಬಲ್ಲಿಗೆ ಸೂಕ್ಷ್ಮಜೀವಿಗಳ ಹಂಗೇ ಇಲ್ಲವೆಂದು ಇದರಿಂದ ತೀರ್ಮಾನಿಸುವುದು ಆತುರವಾದೀತು. ನೀರಿನಲ್ಲಿ ಬಿದ್ದ ಮರದ ಮೇಲ್ಪದರವನ್ನು ಶಿಲೀಂಧ್ರಗಳೂ ಬ್ಯಾಕ್ಟೀರಿಯಗಳೂ ಮೊದಲೇ ಮೆತ್ತಗಾಗಿಸಿರುತ್ತವೆ. 1950ರ ದಶಕದಿಂದಲೂ ಈ ಶಿಲೀಂಧ್ರಗಳಿಗೂ ಗ್ರಿಬಲ್ಲಿನ ದಾಳಿಗೂ ಇರುವ ಸಂಬಂಧವನ್ನು ಕುರಿತು ಚರ್ಚೆ ನಡೆದಿದೆ. ಮರದಲ್ಲಿಲ್ಲದ ಸಾರಜನಕ ಮರದ ಮೇಲೆ ಬೆಳೆದ ಈ ಜೀವಿಗಳ ಮೈಯಲ್ಲಿದೆ. ಮರದೊಂದಿಗೆ ಅವೂ ಗ್ರಿಬಲ್ಲಿನ ಹೊಟ್ಟೆ ಸೇರುತ್ತವೆ. ಗೆದ್ದಲಿಗೆ ಒಳಗಿರುವ ಸಹಾಯಕರು ಗ್ರಿಬಲ್ಲಿಗೆ ಹೊರಗಿದ್ದಾರೆ, ಅವರ ಪಾತ್ರವೂ ಭಿನ್ನವಾಗಿದೆ ಎನ್ನುವುದು ಹೆಚ್ಚು ಸರಿಯಾದ ಹೇಳಿಕೆ.

ಗ್ರಿಬಲ್ಲಿನ ನೆರೆಯಲ್ಲಿರುವ ಇತರ ಕಠಿಣಚರ್ಮಿಗಳನ್ನು ನೋಡಿದರೆ ವೈವಿಧ್ಯ ಮತ್ತಷ್ಟು ಸ್ಪಷ್ಟವಾಗುತ್ತದೆ. ಕೆಲೂರ ಟೆರೆಬ್ರಾನ್ಸ್ ಎಂಬ ಜೀವಿ ಗ್ರಿಬಲ್ ತೋಡಿದ ಸುರಂಗಗಳಲ್ಲಿ ವಾಸಿಸುತ್ತದೆ. ಮರದೊಂದಿಗೆ ಗ್ರಿಬಲ್ಲಿನ ಮಲದ ಉಂಡೆಗಳನ್ನೂ ತಿನ್ನುತ್ತದೆ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತೆಂಬ ಕನ್ನಡದ ಗಾದೆಮಾತು ಇಲ್ಲಿ ನೆನಪಾಗುತ್ತದೆ. ವ್ಯತ್ಯಾಸವೆಂದರೆ ಈ ಒಕ್ಕಲು ಮನೆಯನ್ನು ಶುಚಿಯಾಗಿಡುವ ಉಪಕಾರವನ್ನೂ ಮಾಡುತ್ತದೆ. ಸ್ಫಿರೋಮ ಟೆರೆಬ್ರಾನ್ಸ್ ಎಂಬ ಮತ್ತೊಂದು ಜೀವಿ ಭಾರತದ ಕರಾವಳಿಯೂ ಸೇರಿದಂತೆ ಉಷ್ಣವಲಯದ ಕಾಂಡ್ಲಾ ಕಾಡುಗಳ ಬೇರುಗಳನ್ನು ಕೊರೆಯುತ್ತದೆ; ಆದರೆ ಅದು ಬಿಲವನ್ನು ಮುಖ್ಯವಾಗಿ ವಾಸಕ್ಕೆ ಬಳಸುತ್ತದೆ, ನೀರನ್ನು ಸೋಸಿ ಆಹಾರ ಪಡೆಯುತ್ತದೆ. ಆಳಸಮುದ್ರದ ತಳಕ್ಕೆ ಇಳಿದ ಮರವನ್ನು ತಿನ್ನುವ ಮುನಿಡಾಪ್ಸಿಸ್ ಅಂಡಮಾನಿಕ ಎಂಬ ಏಡಿಬಂಧುವನ್ನು ಪೆಸಿಫಿಕ್ ಸಾಗರದಲ್ಲಿ ಸಂಗ್ರಹಿಸಿ ಪರಿಶೀಲಿಸಿದಾಗ, ಅದರ ಕರುಳಿನಲ್ಲಿ ಬ್ಯಾಕ್ಟೀರಿಯ ಮತ್ತು ಶಿಲೀಂಧ್ರಗಳು ನೆಲೆಸಿರುವುದು 2009ರಲ್ಲಿ ವರದಿಯಾಯಿತು. ಗ್ರಿಬಲ್ಲಿನ ನೆಲವಾಸಿ ಬಂಧುಗಳಾದ ಮರಹೇನುಗಳ ಜೀರ್ಣಗ್ರಂಥಿಗಳಲ್ಲಿ ಸಹ ವಿಶಿಷ್ಟ ಬ್ಯಾಕ್ಟೀರಿಯಗಳು ವಾಸಿಸುತ್ತವೆ. ಇತ್ತ ಗೆದ್ದಲಿನ ವಿಷಯದಲ್ಲಿಯೂ, ಸೆಲ್ಯುಲೋಸ್ ಒಡೆಯುವ ಒಂದು ಜೀನು ಗೆದ್ದಲಿನದೇ ಎಂಬುದನ್ನು 1998ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದ್ದಾರೆ. ಕ್ಲೀವ್‌ಲ್ಯಾಂಡ್ ಅವರ ಗೆದ್ದಲು ಪೂರ್ಣ ಪರಾವಲಂಬಿಯೂ ಅಲ್ಲ, ಗ್ರಿಬಲ್ ಪೂರ್ಣ ಏಕಾಂಗಿಯೂ ಅಲ್ಲ.

ಬಂದರು ಮತ್ತು ಕರಾವಳಿ

ಈ ವಿವೇಚನೆ ಪ್ರಯೋಗಾಲಯಕ್ಕೆ ಸೀಮಿತವಾದುದಲ್ಲ. 1838ರಲ್ಲಿ ಜಾನ್ ಬೆಥೆಲ್ ಅವರ ಹಕ್ಕುಪತ್ರದೊಂದಿಗೆ ಮರಕ್ಕೆ ಒತ್ತಡದಿಂದ ಕ್ರಿಯೋಸೋಟ್ ಊಡುವ ವಿಧಾನ ಬಳಕೆಗೆ ಬಂದಿತು. ಹಡಗುಹುಳುವಿನ ವಿರುದ್ಧ ಅದು ಬಹಳಷ್ಟು ಫಲಕಾರಿಯಾದರೂ ಬೆಚ್ಚನೆಯ ನೀರಿನಲ್ಲಿ ಲಿಮ್ನೋರಿಯ ಟ್ರೈಪಂಕ್ಟೇಟದ ಮುಂದೆ ಸೋತಿತು. ಅನಂತರ ಬಂದ ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಮಿಶ್ರಣದ ಸಂರಕ್ಷಕವನ್ನು ಕಡಲನೀರಿನಲ್ಲಿ ನಿಲ್ಲುವ ಮರಕ್ಕೆ ಬಳಸದಂತೆ ಯುರೋಪಿನ ಒಕ್ಕೂಟ 2003ರ ನಿರ್ದೇಶನದ ಮೂಲಕ ನಿರ್ಬಂಧಿಸಿತು. ಹಳೆಯ ವಿಷಗಳು ಹೀಗೆ ಒಂದೊಂದಾಗಿ ಹಿಂದೆ ಸರಿಯುತ್ತಿರುವಾಗ, ಕೊರೆಯುವ ಜೀವಿ ಯಾರ ಬಲದಿಂದ ಬದುಕಿದೆ ಎಂಬ ಪ್ರಶ್ನೆಗೆ ಹೊಸ ಮಹತ್ತ್ವ ಬಂದಿದೆ. ಕರುಳಿನ ಬ್ಯಾಕ್ಟೀರಿಯಗಳನ್ನು ಕೊಂದರೆ ಗೆದ್ದಲಿನಂತೆ ಗ್ರಿಬಲ್ಲೂ ಹಸಿವಿನಿಂದ ಸಾಯುವುದೆಂದು ಭಾವಿಸಿ ರೂಪಿಸಿದ ಉಪಾಯ ಗುರಿತಪ್ಪುತ್ತದೆ. ಇನ್ನೊಂದೆಡೆ, ಬೆಳೆಯ ತ್ಯಾಜ್ಯ ಮತ್ತು ಮರದ ಹೊಟ್ಟಿನಿಂದ ಸಕ್ಕರೆ ತೆಗೆದು ಇಂಧನ ತಯಾರಿಸುವ ಪ್ರಯತ್ನಗಳಿಗೆ, ಉಪ್ಪಿನಲ್ಲಿ ಕೆಡದ ಕಿಣ್ವ ಮತ್ತು ಗಾರೆ ಸಡಿಲಿಸುವ ಹೀಮೋಸಯನಿನ್ ಎರಡೂ ಮಾದರಿಗಳಾಗಿ ಒದಗಿವೆ.

ಭಾರತದ ಪಶ್ಚಿಮ ಕರಾವಳಿಯಲ್ಲಿ ಮರದ ದೋಣಿಗಳಿಗೆ ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು, ಕಾಲಕಾಲಕ್ಕೆ ದೋಣಿಯನ್ನು ದಡಕ್ಕೆಳೆದು ಒಣಗಿಸುವುದು ರೂಢಿಯಲ್ಲಿರುವ ಕ್ರಮಗಳು. ಕೊರೆಯುವ ಜೀವಿ ನೀರಿನ ಹೊರಗೆ ಬಹುಕಾಲ ಉಳಿಯದು ಎಂಬ ಅರಿವು ಒಣಗಿಸುವ ಕ್ರಮದ ಹಿಂದಿದೆ. ಅದರ ಹೊಟ್ಟೆಯೊಳಗೆ ಏನಿದೆ ಎಂಬ ಪ್ರಶ್ನೆ ಈ ಅರಿವಿಗೆ ಬೇಕಾಗಿರಲಿಲ್ಲ. ಅದು ಮೇಲ್ಮೈಯಲ್ಲಿಯೇ ಶತ್ರುವನ್ನು ತಡೆಯುವ ವಿಧಾನ. ಮರವನ್ನು ಕಡಲಜೀವಿಗಳಿಂದ ರಕ್ಷಿಸುವ ಶಾಸ್ತ್ರೀಯ ಸಂಶೋಧನೆಯಲ್ಲಿ ಬೆಂಗಳೂರಿನ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ತೊಡಗಿಕೊಂಡಿದ್ದು, ಅದರ ಕಡಲಸಂಬಂಧಿ ಕೆಲಸ ವಿಶಾಖಪಟ್ಟಣದಲ್ಲಿ ನಡೆದಿದೆ. ದೋಣಿ ಕಟ್ಟುವವರ ಬಾಯಲ್ಲಿ ಉಳಿದಿರುವ ತಿಳಿವಳಿಕೆಯನ್ನೂ ಇಂಥ ಸಂಶೋಧನೆಯ ಫಲಗಳನ್ನೂ ಜೊತೆಯಲ್ಲಿಟ್ಟು ಪರಿಶೀಲಿಸುವ ಕಾರ್ಯ ಜಾನಪದ ಅಧ್ಯಯನದ ಮುಂದಿದೆ. ಮರದ ದೋಣಿಗಳ ಸ್ಥಾನವನ್ನು ನಾರುಗಾಜಿನ ದೋಣಿಗಳು ಆಕ್ರಮಿಸಿಕೊಳ್ಳುತ್ತಿರುವುದರಿಂದ ಈ ಕಾರ್ಯಕ್ಕೆ ಉಳಿದಿರುವ ಅವಧಿ ಕಡಿಮೆ.

ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮರಭಕ್ಷಕ ಪ್ರಾಣಿಗೆ ಕರುಳಿನ ಸೂಕ್ಷ್ಮಜೀವಿಗಳು ಅನಿವಾರ್ಯ ಎಂಬ ಗ್ರಹಿಕೆಯು ಗೆದ್ದಲನ್ನು ಕುರಿತ ಉತ್ತಮ ಪ್ರಯೋಗಗಳಿಂದ ಹುಟ್ಟಿ, ಪರೀಕ್ಷೆಗೆ ಒಳಗಾಗದ ಪ್ರಾಣಿಗಳಿಗೂ ಹಬ್ಬಿದ ಸಾಮಾನ್ಯೀಕರಣವಾಗಿತ್ತು. ಲಿಮ್ನೋರಿಯ ತನ್ನ ಗ್ರಂಥಿಯ ಕಿಣ್ವಗಳಿಂದಲೂ ರಕ್ತದ ವರ್ಣವಸ್ತುವಿನ ನೆರವಿನಿಂದಲೂ ಮರವನ್ನು ಅರಗಿಸಿಕೊಳ್ಳುತ್ತದೆ. ಅದರ ಬಂಧುಗಳೂ ನೆರೆಯವರೂ ಇದೇ ದಾರಿಯನ್ನು ಹಿಡಿದಿಲ್ಲವಾದುದರಿಂದ ಗ್ರಿಬಲ್ಲನ್ನೇ ಹೊಸ ನಿಯಮವಾಗಿಸುವುದೂ ಅದೇ ತಪ್ಪಿನ ಪುನರಾವರ್ತನೆಯಾದೀತು.

1927ರ ‘ಇಲ್ಲ’ ಇಪ್ಪತ್ತೈದು ವರ್ಷಗಳಲ್ಲಿ ಬಿದ್ದಿತು. 1978ರ ‘ಇಲ್ಲ’ ಮರುವರ್ಷವೇ ಪ್ರಶ್ನೆಗೊಳಗಾಗಿ, ಷರತ್ತನ್ನು ಸೇರಿಸಿಕೊಂಡು, ಮೂವತ್ತೆರಡು ವರ್ಷಗಳ ಅನಂತರ ದೊರೆತ ಭಾವಾತ್ಮಕ ಪುರಾವೆಯಿಂದ ಬಲಗೊಂಡಿತು. ಒಂದು ಅಭಾವವನ್ನು ಸ್ಥಾಪಿಸಲು ಹುಡುಕಿದ ವಿಧಾನ, ಹುಡುಕಿದ ಸ್ಥಳ ಮತ್ತು ಅಭಾವದ ಸ್ಥಾನದಲ್ಲಿ ಇರುವುದೇನು ಎಂಬ ವಿವರಗಳು ಅಗತ್ಯವೆಂಬುದನ್ನು ಈ ಎರಡು ತೀರ್ಮಾನಗಳ ಚರಿತ್ರೆ ತಿಳಿಸುತ್ತದೆ. ಯಾವುದೇ ಸಂಗ್ರಹಕಾರ್ಯದಲ್ಲಿ ತೊಡಗಿದ ಸಂಶೋಧಕರಿಗೆ ಈ ಚರಿತ್ರೆ ಉಪಯುಕ್ತವಾದೀತು.